ಕರಿ ಎರಡು, ಡಿ ಶಾರ್ಪು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಪಿಯಾನೊ ಮೇಷ್ಟ್ರನ್ನು ಹುಡುಕಿದರೆ ಸಿಗುವವರು ಹಾರ್ಮೋನಿಯಂ ಮೇಷ್ಟ್ರು. ತಿದಿಗೆ ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಹಚ್ಚಿದ ಪೆಟ್ಟಿಗೆ, ಪಕ್ಕದಲ್ಲಿ ಅರ್ಧ ಲೋಟ ಚಾ.

"ಎಲ್ಲಿ ಕಲಿತಿರಿ ಮೇಷ್ಟ್ರೇ?" ಅಂದರೆ ಉತ್ತರ ಎರಡೇ: ಒಂದೋ ಗದಗ, ಇಲ್ಲ ಕಂಪನಿ. ಗದಗ ಅಂದರೆ ಪಂಚಾಕ್ಷರಿ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ. ಅಲ್ಲಿ ಪುಟ್ಟರಾಜ ಗವಾಯಿಗಳು (1914–2010) ಹಾರ್ಮೋನಿಯಂ, ಪಿಟೀಲು, ಸಾರಂಗಿಗಳ ಜೊತೆಗೆ ನಾಟಕ ಸಂಘವನ್ನೂ ನಡೆಸಿದವರು. ಕಂಪನಿಯವರ ಘರಾಣೆ ಬೇರೆ. ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯಂಥ ಕಡೆ ಲೆಗ್ ಹಾರ್ಮೋನಿಯಂ ತುಳಿದು ಪಳಗಿದವರು. ನಟ ಮಾತು ಮರೆತಾಗ ರಾಗ ಎಳೆದು ಮಾನ ಉಳಿಸುವ ವಿದ್ಯೆ ಯಾವ ಸಿಲಬಸ್ಸಿನಲ್ಲಿದೆ ಹೇಳಿ!

ಈ ಪೆಟ್ಟಿಗೆಗೆ ಗಮಕ ಒಲಿಯದು ಎಂದು ಆಕಾಶವಾಣಿ 1940ರಲ್ಲಿ ಬಾಗಿಲು ಹಾಕಿತು, 1971ರವರೆಗೆ ತೆರೆಯಲಿಲ್ಲ. ನಮ್ಮ ಮೇಷ್ಟ್ರುಗಳು ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ. ಬೆಳಗಿನ ಜಾವದವರೆಗೆ ನಾಟಕ ನುಡಿಸಿದವನಿಗೆ ರೇಡಿಯೊ ಕೇಳಲು ಪುರುಸೊತ್ತೆಲ್ಲಿ?

ಈಗ ಮೇಷ್ಟ್ರ ಪಡಸಾಲೆಯೇ ಸಂಗೀತ ಶಾಲೆ. ಅಪ್ಪನಿಗೆ ಹಾರ್ಮೋನಿಯಂ, ಮಗನಿಗೆ ತಬಲಾ, ಸೊಸೆಗೆ ಕೀಬೋರ್ಡ್. ಮಾವ "ಕರಿ ಎರಡು ಹಿಡಿಯೋ" ಅಂದರೆ, ಸೊಸೆ ಒಳಗಿನಿಂದಲೇ "ಡಿ ಶಾರ್ಪು ಕಣೋ" ಅನ್ನುತ್ತಾಳೆ. ಎರಡೂ ಒಂದೇ ಸ್ವರ; ಆದರೆ ಸೊಸೆ ಹೇಳಿದ್ದಕ್ಕೆ ಫೀಸು ಜಾಸ್ತಿ.

ಮಕ್ಕಳನ್ನು ಸೇರಿಸುವವರು ಧಾರಾಳವಾಗಿ ಸೇರಿಸಿ. ಜಾತ್ರೆ ತಿಂಗಳಲ್ಲಿ ಮಾತ್ರ ಮೇಷ್ಟ್ರು ಕ್ಲಾಸಿಗೆ ಸಿಗುವುದಿಲ್ಲ, ಫೀಸೂ ವಾಪಸ್ ಬರುವುದಿಲ್ಲ.