ಸೈಟಿಲ್ಲದ ಸಿಡಿಲು

ಮೆಸೊಪೊಟೇಮಿಯದ ದೊಡ್ಡ ದೇವರು ಎನ್‌ಲಿಲ್‌ಗೆ ನಿದ್ದೆಯಿಲ್ಲ. ಕೆಳಗೆ ಮನುಷ್ಯರ ಗದ್ದಲ. ಗದ್ದಲ ಅಡಗಿಸಲು ಅವನು ಹೊರಡಿಸಿದ ಆದೇಶ: ಮಳೆ ಬಂದ್. ಸಿಡಿಲು, ಮಳೆಯ ಖಾತೆ ಅದಾದನದು. ಅವನು ಕೈ ಬಿಗಿಹಿಡಿದ, ಬರ ಬಿತ್ತು. ಆಗ ಎಂಕಿ ಎಂಬ ಇನ್ನೊಬ್ಬ ದೇವರೇ ಜನರಿಗೆ ಒಳದಾರಿ ಹೇಳಿಕೊಟ್ಟನೆಂದು 'ಅತ್ರಹಾಸಿಸ್' ಕಾವ್ಯದಲ್ಲಿದೆ: ಮಿಕ್ಕವರ ಪೂಜೆ ನಿಲ್ಲಿಸಿ, ಅದಾದನ ಬಾಗಿಲಿಗಷ್ಟೇ ರೊಟ್ಟಿ, ಎಳ್ಳುಹಿಟ್ಟು ಮುಟ್ಟಿಸಿ. ಮುಟ್ಟಿಸಿದರು. ಅದಾದನಿಗೆ ನಾಚಿಕೆಯಾಯಿತು (ಆ ಕಾಲದಲ್ಲಿ ಪಡೆದವರಿಗೆ ನಾಚಿಕೆಯೂ ಆಗುತ್ತಿತ್ತು). ಬೆಳಿಗ್ಗೆ ಮಂಜು ಸುರಿಸಿದ, ರಾತ್ರಿ ಕದ್ದುಮುಚ್ಚಿ ಇಬ್ಬನಿ. ಆದೇಶ ಕಡತದಲ್ಲಿ ಹಾಗೇ ಉಳಿಯಿತು, ಬೆಳೆಯೂ ಬಂತು.

ಅಲೆಪ್ಪೊ ಸೀಮೆಯ ಅದಾದನಿಗೆ ರೊಟ್ಟಿ ಯಾವ ಮೂಲೆಗೆ? ಅವನಿಗೆ ಜಮೀನೇ ಬೇಕಿತ್ತು. ಕ್ರಿ.ಪೂ. 18ನೇ ಶತಮಾನದಲ್ಲಿ ಮಾರಿ ಎಂಬ ಪಟ್ಟಣದ ದೊರೆ ಜಿಮ್ರಿ-ಲಿಮ್‌ಗೆ ನೂರ್-ಸಿನ್ ಎಂಬ ಅಧಿಕಾರಿ ಬರೆದ ಮಣ್ಣಿನ ಹಲಗೆ ಸಿಕ್ಕಿದೆ. ಕಾರಣಿಕ ನುಡಿಯುವವರ ಬಾಯಲ್ಲಿ ಬಂದ ಅದಾದನ ಮಾತಿನ ಸಾರ ಅದರಲ್ಲಿ ಇಷ್ಟು: ನಿನ್ನನ್ನು ಅಪ್ಪನ ಗದ್ದುಗೆಯಲ್ಲಿ ಕೂರಿಸಿದವನು ನಾನು, ಅದಕ್ಕೊಂದು ಆಸ್ತಿ ಬರೆದುಕೊಡು. ಕೊಟ್ಟರೆ ಗದ್ದುಗೆಯ ಮೇಲೆ ಗದ್ದುಗೆ, ಕೊಡದಿದ್ದರೆ ಕೊಟ್ಟದ್ದೂ ವಾಪಸ್. ಒಂದಲ್ಲ ಎರಡಲ್ಲ, ಐದು ಸಲ ಬರೆದಿದ್ದೇನೆ ಸ್ವಾಮಿ ಎಂದು ಪಾಪ, ನೂರ್-ಸಿನ್ ಅಲವತ್ತುಕೊಳ್ಳುತ್ತಾನೆ. ದೇವರ ಹೆದರಿಕೆಗಿಂತ, ನಾಳೆ ತನ್ನ ಮೇಲೆ ತಪ್ಪು ಬಾರದಿರಲೆಂಬ ಮುಂಜಾಗ್ರತೆಯೇ ಅಲ್ಲಿ ಹೆಚ್ಚು ಕಾಣುತ್ತದೆ.

ಸಿರಿಯಾ ಕರಾವಳಿಯ ಉಗಾರಿತ್‌ನಲ್ಲಿ ಅದೇ ಸಿಡಿಲಿನ ಖಾತೆಯ ಬಾಳ್ ದೇವರದ್ದು ಇನ್ನೂ ದೊಡ್ಡ ಗೋಳು. ಕಡಲ ದೇವರು ಯಾಮ್‌ನನ್ನೇ ಬಡಿದು ಹಾಕಿದ ವೀರನಿಗೆ ಸ್ವಂತ ಮನೆಯಿಲ್ಲ! ಮಂಜೂರಾತಿ ಕೊಡಬೇಕಾದವನು ಮುದಿದೇವ ಎಲ್. ತಂಗಿ ಅನತ್ ಹೋಗಿ, ನಿನ್ನ ನರೆಗೂದಲಲ್ಲಿ ರಕ್ತ ಹರಿಸುತ್ತೇನೆಂದು ಗದರಿಸಿದಳು. ಕೆಲಸವಾಗಲಿಲ್ಲ. ಆಮೇಲೆ ಇಬ್ಬರೂ ಎಲ್‌ನ ಮಡದಿ ಅತಿರತ್‌ಳ ಬಳಿಗೆ ಹೊರಟರು. ದೂರದಿಂದ ಇವರನ್ನು ಕಂಡೊಡನೆ ಅವಳಿಗೆ ಬೆವರಿಳಿಯಿತು. ನನ್ನ ಮಕ್ಕಳನ್ನು ಕೊಲ್ಲಲು ಬಂದರೇ? ಅಷ್ಟರಲ್ಲಿ ಇವರ ಕೈಯಲ್ಲಿದ್ದ ಬೆಳ್ಳಿ ಬಂಗಾರ ಫಳಫಳಿಸಿತು. ಮುಖ ಅರಳಿತು. ಕತ್ತೆಗೆ ಬೆಳ್ಳಿ ಜೀನು ಬಿಗಿಸಿ ಅವಳೇ ಹೊರಟು ಗಂಡನ ಅಪ್ಪಣೆ ತಂದಳು.

ಅರಮನೆಗೆ ಕಿಟಕಿ ಬೇಡವೆಂದು ಬಾಳ್ ಶಿಲ್ಪಿಯೊಡನೆ ಜಗಳವಾಡಿ, ಕೊನೆಗೆ ಇಡಿಸಿದ. ಗುಡುಗು ಹೊರಬಿದ್ದದ್ದೇ ಅಲ್ಲಿಂದ. ಸುಖ ಬಹಳ ದಿನ ಉಳಿಯಲಿಲ್ಲ, ಸಾವಿನ ದೇವರು ಮೋತ್ ಅವನನ್ನು ನುಂಗಿದ. ಖಾಲಿ ಕುರ್ಚಿಗೆ ಅತಿರತ್ ಶಿಫಾರಸು ಮಾಡಿದ್ದು ಅತ್ತರ್ ಎಂಬ ದೇವರನ್ನು. ಹತ್ತಿ ಕೂತ, ಕಾಲು ಪಾದಪೀಠಕ್ಕೆ ಎಟುಕಲಿಲ್ಲ, ತಲೆ ಒರಗಿನ ತುದಿ ಮುಟ್ಟಲಿಲ್ಲ. ನನ್ನಿಂದಾಗದು ಎಂದು ತಾನೇ ಒಪ್ಪಿಕೊಂಡು ಇಳಿದ. ಇಳಿದವನು ಮನೆಗೆ ಹೋದನೆಂದುಕೊಂಡಿರಾ? ಭೂಮಿಗೆ ರಾಜನಾದ.