ಕಾಯ್ದೆ ಕಾಕಾ

ಓಣಿಗೊಬ್ಬ ಕಾಯ್ದೆ ಕಾಕಾ ಇದ್ದೇ ಇರುತ್ತಾರೆ. ಅಮೀನಗಡದ ನಮ್ಮ ಓಣಿಯವರಿಗೆ ಬಸ್ ಟಿಕೆಟಿನ ಹಿಂದೆ ಅಚ್ಚಾದದ್ದೂ ಬಾಯಿಪಾಠ. ಮದುವೆಯಲ್ಲಿ ಅಕ್ಕಿಕಾಳು ಎತ್ತಿದ ಕೈಗಳನ್ನು ‘ಮುಹೂರ್ತಕ್ಕ ಇನ್ನೂ ಎರಡು ನಿಮಿಷ ಐತಿ’ ಎಂದು ತಡೆದು ನಿಲ್ಲಿಸುತ್ತಾರೆ. ಹುಡುಗರ ಕಬಡ್ಡಿಗೆ ಬಂದರೆ ರೇಡಿಗೆ 30 ಸೆಕೆಂಡು ಮುಗಿಯಿತೇ ಎಂದು ಮೊಬೈಲು ಹಿಡಿದು ಕೂರುತ್ತಾರೆ. ಇದನ್ನೆಲ್ಲ ಸಹಿಸಬಹುದು. ಚಕ್ಕಾ ಆಟಕ್ಕೆ ಬಂದು ಕೂತರೆ ಮಾತ್ರ ನನಗೆ ಬಿ.ಪಿ. ಏರುತ್ತದೆ.

ಚಕ್ಕಾ ಅಂದರೆ ಚೌಕಾಬಾರ. 25 ಮನೆ, 4 ಕವಡೆ, ಒಬ್ಬೊಬ್ಬರಿಗೆ 4 ಕಾಯಿ. ಕವಡೆ ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎರಡಕ್ಕೂ ಇನ್ನೊಂದು ಸಲ ಒಗೆಯಬಹುದು. ಗುಣಾಕಾರದ ಗೆರೆ ಎಳೆದ ಕಟ್ಟೆಯಲ್ಲಿ ಕೂತ ಕಾಯಿಗೆ ಸಾವಿಲ್ಲ. ಇಷ್ಟಕ್ಕೆ ಯಾರದೂ ತಕರಾರಿಲ್ಲ. ಇದರಾಚೆ ಮನೆಗೊಂದು ಪದ್ಧತಿ: ಸಾಲಾಗಿ ಮೂರು ಸಲ ಬಾರ ಬಿದ್ದರೆ ನಮ್ಮಲ್ಲಿ ಸುಟ್ಟುಹೋಯಿತು, ಇಳಕಲ್ಲಿನ ಬೀಗರಲ್ಲಿ ಅದಕ್ಕೇ ಮರ್ಯಾದೆ ಜಾಸ್ತಿ. ಈ ಅರಾಜಕತೆ ತಡೆಯಲಾರದೆ ಕಾಕಾ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕಲಂ, ಉಪಕಲಂ ಹಾಕಿ ಎಲ್ಲವನ್ನೂ ಬರೆದಿಟ್ಟರು. ಯಾರಾದರೂ ನಕ್ಕರೆ ಉತ್ತರ ಸಿದ್ಧ: ‘ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯೊಳಗ ಆಟಕ್ಕಂತನ ಕೌತುಕನಿಧಿ ಇಟ್ಟಾರ. ಅವರಿಗೆ ಬುದ್ಧಿ ಇರಲಿಲ್ಲೇನು?’

ಒಂದು ವರ್ಷ ನಾಗರ ಪಂಚಮಿ ಶನಿವಾರವೇ ಬಂತು. ಶನಿವಾರ ನಮ್ಮೂರಲ್ಲಿ ಕುರಿ ಸಂತೆ. ಕಟ್ಟೆಯ ಮೇಲೆ ಆಟ ಬಿರುಸಾಗಿತ್ತು. ನನ್ನ ಕಾಯಿಗಳು ಹುರಿಗಡಲೆ. ಸಂತೆಗೆ ಹೊರಟಿದ್ದ ಒಂದು ಟಗರು ಕತ್ತು ಚಾಚಿ, ಕಟ್ಟೆಯೊಳಗೆ ನಿಶ್ಚಿಂತೆಯಿಂದ ಕೂತಿದ್ದ ನನ್ನ ಕಡಲೆಯನ್ನು ಬಾಯಿಗೆ ಹಾಕಿಕೊಂಡಿತು.

‘ಕಾಯಿ ಹೋತು. ಮೊದಲಿಂದ ಬಾ’ ಎಂದರು ಕಾಕಾ.

‘ಕಟ್ಟ್ಯಾಗಿನ ಕಾಯಿ ಹೊಡಿಯಾಂಗಿಲ್ಲ. ಕಲಂ ಏಳು, ನೀವ ಬರದದ್ದು.’

‘ಅದು ಎದುರಾಳಿಗೆ ಬರದದ್ದು. ಟಗರು ಆಟದಾಗ ಇಲ್ಲ.’

‘ಆಟದಾಗ ಇಲ್ಲದ್ದು ಹೊಡದ್ರ ಹೆಂಗ ನಡೀತೈತಿ?’

‘ಹೊಡದಿಲ್ಲ, ತಿಂದೈತಿ. ತಿಂದದ್ದಕ್ಕ ಕಲಂ ಇಲ್ಲ.’

ಟಗರಿನ ಧಣಿ ಹಗ್ಗ ಎಳೆಯುತ್ತಿದ್ದ. ‘ಪಂಚನಾಮಿ ಆಗೂತನಕ ನಿಲ್ಲಪಾ’ ಎಂದು ಕಾಕಾ ಅವನನ್ನೂ ಬಿಡಲಿಲ್ಲ. ಅತ್ತ ಸಂತೆ ಕರಗುತ್ತಿತ್ತು, ಇತ್ತ ನನ್ನ ದನಿ ಏರುತ್ತಿತ್ತು. ಒಂದು ಕಾಳು ಕಡಲೆಗಾಗಿ ನಾನು ಹೈಕೋರ್ಟಿಗೂ ಹೋಗುವವನಿದ್ದೆ. ಒಳಗೆ ಶೇಂಗಾ ಉಂಡಿ ಕಟ್ಟುತ್ತಿದ್ದ ಆಯಿ ಬೆಲ್ಲದ ಕೈಯಲ್ಲೇ ಹೊರಗೆ ಬಂದಳು. ‘ಹಸದಿತ್ತು, ತಿಂತು. ಇನ್ನೊಂದು ಕಡ್ಲಿ ಇಡು. ನೀ ಆಡೋ ತಮ್ಮಾ’ ಎಂದು ಕಾಕಾನ ಕೈಗೆ ಕವಡೆ ಇಟ್ಟು ಒಳಗೆ ಹೋದಳು. ವ್ಯಾಜ್ಯ ಮುಗಿಯಿತು.

ಬೆಂಗಳೂರಿನಿಂದ ಬಂದಿದ್ದ ತಂಗಿಯ ಮಗನಿಗೆ ಖುಷಿಯೋ ಖುಷಿ. ‘ಆಯಿ ಡಂಜನ್ ಮಾಸ್ಟರ್!’ ಎಂದು ಕುಣಿದ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ ಆಟದಲ್ಲಿ ಕಥೆ ನಡೆಸುವವನೇ ತೀರ್ಪು ಹೇಳುವವನೂ ಅಂತೆ. ಮೊದಲು ಬಂದದ್ದು ಮೂರು ಸಣ್ಣ ನಿಯಮ ಪುಸ್ತಕ. ಕೊನೆಗೆ ಅವೇ, ಎಲ್ಲಕ್ಕೂ ನಮ್ಮನ್ನು ಕೇಳಬೇಡಿ, ನಿಮಗೆ ಸರಿ ಕಂಡಂತೆ ಮಾಡಿಕೊಳ್ಳಿ ಎನ್ನುತ್ತವಂತೆ. ಕಾಕಾ ಹೌಹಾರಿದರು. ‘ಹಂಗಾರ ಬುಕ್ಕ ಯಾಕ ಮಾಡಿದ್ರು? ರೊಕ್ಕಾ ವಾಪಸ್ ಕೇಳಬೇಕಿತ್ತು.’

ಗೆದ್ದವನು ನಾನು, ಆದ್ದರಿಂದ ಆಯಿಯ ತೀರ್ಪು ಧರ್ಮಶಾಸ್ತ್ರಕ್ಕಿಂತ ದೊಡ್ಡದು ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಆದರೆ ಆಯಿಯ ಕೋರ್ಟಿನಲ್ಲಿ ಮೊಮ್ಮಕ್ಕಳು ಸೋತದ್ದನ್ನು ಯಾರೂ ಕಂಡಿಲ್ಲ. ಕವಡೆ ಗೋಡೆಗೆ ಒರಗಿ ನಿಂತರೆ ಸಣ್ಣವನಿಗೆ ಬೇಕಾದ ಬದಿಗೇ ಅದು ಬಿದ್ದಿರುತ್ತಿತ್ತು. ಪಕ್ಕದ ಮನೆ ಹುಡುಗಿ ಒಮ್ಮೆ ಕಣ್ಣೀರು ಹಾಕಿ ಎದ್ದುಹೋದಾಗ, ನೋಟ್‌ಬುಕ್ ತೆರೆದು ಅವಳ ಪರವಾಗಿ ಆಯಿಯೊಡನೆ ಜಗಳಕ್ಕೆ ನಿಂತವರು ಕಾಕಾ ಒಬ್ಬರೇ.

ಮರುವರ್ಷದ ಪಂಚಮಿಗೆ ಕಾಕಾ ಗೆಲ್ಲಲು ಒಂದೇ ಕಾಯಿ ಹಣ್ಣಾಗಬೇಕಿತ್ತು. ಬೇಕಾದ ಲೆಕ್ಕವೇ ಬಿತ್ತು. ನಾವೆಲ್ಲ ಕೈ ಝಾಡಿಸಿ ಏಳುತ್ತಿದ್ದೆವು. ‘ಕೂಡ್ರಿ’ ಎಂದರು. ‘ಒಂದು ಕವಡಿ ನನ್ನ ಕಾಲಿಗೆ ಬಡದು ತಿರುಗೇತಿ. ಕಲಂ ಹನ್ನೊಂದು. ಇದು ಲೆಕ್ಕಕ್ಕಿಲ್ಲ.’ ಯಾರೂ ನೋಡಿರಲಿಲ್ಲ. ಆ ಆಟವನ್ನು ಅವರು ಸೋತರು. ಅದೇ ಕಾಲು ನನ್ನದಾಗಿದ್ದರೆ ಕವಡೆ ತಾಗಿದ್ದು ನನಗಂತೂ ಗೊತ್ತಾಗುತ್ತಿರಲಿಲ್ಲ.

ಈಗ ಆಯಿ ಇಲ್ಲ. ತಕರಾರು ಬಂದರೆ ಎಲ್ಲರೂ ತಿರುಗಿ ನೋಡುವುದು ಕಾಕಾನ ಕಡೆಗೇ. ಅವರು ಪುಟ ತಿರುವಿ, ಕನ್ನಡಕ ಸರಿ ಮಾಡಿಕೊಂಡು ಹೇಳುವವರೆಗೆ ಚಹಾ ಆರಿಹೋಗುತ್ತದೆ. ಪಂಚಮಿಗೆ ಈ ಕಡೆ ಬಂದರೆ ನೀವೂ ಆಟಕ್ಕೆ ಬರ್ರಿ, ಕರದಂಟು ತಿನ್ನುತ್ತಾ ಆಡೋಣ. ಕಾಯಿ ಮಾತ್ರ ಬಳೆಚೂರೋ ಹುಣಸೆ ಬೀಜವೋ ತರಬೇಕು: ಕಲಂ ಏಳು, ಉಪಕಲಂ ‘ಇ’ ಪ್ರಕಾರ ಕುರಿ ತಿನ್ನಬಹುದಾದ ವಸ್ತುವನ್ನು ಮನೆಯಲ್ಲಿ ಇಡುವಂತಿಲ್ಲ.