ಶ್ರೀಗಂಧ ನ್ಯಾಯ: ಹಾಕಿ ಆಟಗಾರರ ಲೈಕು, ಕಮೆಂಟು ಮತ್ತು ಒಡನಾಟ ಕುರಿತು ಒಂದು ಘನ ಪ್ರಬಂಧ

ಗ್ರಂಥಾರಂಭದಲ್ಲಿ ವಿಘ್ನ ಬಾರದಿರಲೆಂದು ಇಷ್ಟದೇವತೆಯನ್ನು ನೆನೆಯುವುದು ಶಾಸ್ತ್ರಕಾರರ ಪದ್ಧತಿ. ಪ್ರಸ್ತುತ ಪ್ರಬಂಧಕಾರ ನೆಟ್‌ವರ್ಕನ್ನು ನೆನೆಯುತ್ತಾನೆ. ಬೆಂಗಳೂರಿನ ಶ್ರೀಗಂಧದ ಕಾವಲ್‌ನ ನಮ್ಮ ಮನೆಯಲ್ಲಿ ಆ ದೇವತೆ ಮಹಡಿ ಮೆಟ್ಟಿಲ ಐದನೇ ಪಾವಟಿಗೆಯಲ್ಲಿ ಮಾತ್ರ ಪ್ರತ್ಯಕ್ಷವಾಗುವುದರಿಂದ ಈ ಸಂಶೋಧನೆಯ ಬಹುಪಾಲು ಅಲ್ಲೇ ಕೂತು ನಡೆದಿದೆ. ಪ್ರಬಂಧದಲ್ಲಿ ಅಲ್ಲಲ್ಲಿ ನರಳಾಟದ ಧ್ವನಿ ಕೇಳಿಸಿದರೆ ಆನಂದವರ್ಧನನ ತನಕ ಹೋಗಬೇಕಾಗಿಲ್ಲ. ಅದು ಬೆನ್ನುನೋವು.

ಇನ್ನು ಅಧಿಕಾರಿ ವಿಚಾರ. ಹಾಕಿ ಕುರಿತು ಬರೆಯಲು ಇವನಿಗೇನು ಯೋಗ್ಯತೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಪ್ರಬಂಧಕಾರ ಜೀವಮಾನದಲ್ಲಿ ಒಂದೇ ಒಂದು ಸಲ ಹಾಕಿ ಸ್ಟಿಕ್ ಹಿಡಿದಿದ್ದಾನೆ, ಅದೂ ನುಗ್ಗೆಕಾಯಿ ಎಳೆಯಲು. ಉದ್ದ ಸಾಲಲಿಲ್ಲ. ಆದರೆ ಅವನಿಗೆ ಸ್ಥಳಬಲವಿದೆ. ನಮ್ಮ ಬಡಾವಣೆಯಿಂದ ಹೊರಟು ಮಲ್ಲತ್ತಹಳ್ಳಿ ಹಾದರೆ ಜ್ಞಾನಭಾರತಿ. ಅಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ. ದೇಶದ ಪುರುಷರ ಹಾಗೂ ಮಹಿಳೆಯರ ಹಾಕಿ ತಂಡಗಳು ತಿಂಗಳುಗಟ್ಟಲೆ ಶಿಬಿರ ಹೂಡುವುದು ಅಲ್ಲೇ. ಪ್ರಾಧಿಕಾರದ ಇಂಗ್ಲಿಷ್ ಹೆಸರನ್ನು ಮೂರಕ್ಷರಕ್ಕೆ ಇಳಿಸಿ ಜನ ಅದನ್ನು ‘ಸಾಯ್’ ಅನ್ನುತ್ತಾರೆ. ಕನ್ನಡದ ಕಿವಿಗೆ ಇದು ಆಶೀರ್ವಾದವಾಗಿ ಕೇಳಿಸುವುದಿಲ್ಲ. ಆಟೋ ನಿಲ್ಲಿಸಿ ‘ಸಾಯ್‌ಗೆ ಬರ್ತೀರಾ?’ ಎಂದು ಕೇಳಿದ್ದಕ್ಕೆ ಒಬ್ಬರು ಪ್ರಬಂಧಕಾರನನ್ನು ಅಡಿಯಿಂದ ಮುಡಿವರೆಗೆ ನೋಡಿ, ‘ಬೆಳಬೆಳಗ್ಗೆ ಯಾಕ್ ಸಾರ್ ಅಂಥ ಮಾತು?’ ಎಂದು ಮುಂದೆ ಹೋದದ್ದುಂಟು.

ಹಾಗಾದರೆ ಹಾಕಿಗೂ ಶ್ರೀಗಂಧಕ್ಕೂ ಏನು ಸಂಬಂಧ? ಇದೇ ಈ ಪ್ರಬಂಧದ ಹೊಸ ಕಾಣಿಕೆ, ಕೊಂಚ ಸಾವಧಾನದಿಂದ ಓದಬೇಕು. ಕಾವಲ್ ಎಂದರೆ ಕಾಯ್ದಿರಿಸಿದ ನೆಲ. ಹುಲ್ಲಿಗೋ ಮರಕ್ಕೋ ಸರ್ಕಾರ ಕಾವಲಿಟ್ಟ ಜಾಗ. ಇವತ್ತು ನಮ್ಮ ಬೀದಿಯಲ್ಲಿ ಶ್ರೀಗಂಧದ ಒಂದು ಗಿಡವೂ ಇಲ್ಲ. ಹೆಸರಿನಲ್ಲಿ ಕಾವಲು ಉಳಿದಿದೆ, ಕಾಯಲಿಕ್ಕೆ ಏನೂ ಉಳಿದಿಲ್ಲ. ಹಾಕಿಯಲ್ಲೂ ಗೋಲಿನ ಮುಂದೆ ನಿಲ್ಲುವವನು ಕಾವಲುಗಾರನೇ. ಇಷ್ಟು ಸಾಕ್ಷಿಯ ಮೇಲೆ ಪಿಎಚ್‌.ಡಿ. ಪಡೆದವರನ್ನು ಪ್ರಬಂಧಕಾರ ಬಲ್ಲ. ಆದರೂ ಅವನು ಅಲ್ಲಿಗೇ ನಿಲ್ಲುವವನಲ್ಲ.

ಸೂತ್ರ 1: ಮರ ಮನೆಯದು, ಗಂಧ ಊರದು.

ಭಾಷ್ಯ: 1792ರಲ್ಲಿ ಟಿಪ್ಪು ಸುಲ್ತಾನ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಅಲ್ಲಿಂದಾಚೆ ಮರ ಯಾರ ಹಿತ್ತಲಲ್ಲೇ ಹುಟ್ಟಲಿ, ಅದು ಅರಮನೆಯದು, ಆಮೇಲೆ ಸರ್ಕಾರದ್ದು. ನೀರು ಹೊಯ್ಯುವುದು, ಕಳ್ಳರು ಬಾರದ ಹಾಗೆ ನೋಡಿಕೊಳ್ಳುವುದು ಮನೆಯವನ ಪಾಲಿಗೆ. ಬೆಳೆದ ಜಮೀನಿನವನಿಗೇ ಮರ ಸೇರಬೇಕೆಂದು ಕರ್ನಾಟಕದಲ್ಲಿ ಕಾನೂನು ತಿದ್ದಿದ್ದು 2001ರಲ್ಲಿ. ಮರಕ್ಕೆ ಈ ಬಿಡುಗಡೆ ಸಿಕ್ಕಿತಾದರೂ ಆಟಗಾರನಿಗೆ ಇನ್ನೂ ಸಿಕ್ಕಿಲ್ಲ ಎಂಬುದು ನಮ್ಮ ವಾದ. ಪದಕ ಬರುವ ತನಕ ಅವನು ಅಪ್ಪ ಅಮ್ಮನ ಸೊತ್ತು. ಹಳೇ ಶೂ, ಸಾಲದ ಸ್ಟಿಕ್ಕು, ಮೂಗೇಟು ಎಲ್ಲ ಅವರವೇ. ಪದಕ ಕುತ್ತಿಗೆಗೆ ಬಿದ್ದ ಕ್ಷಣದಿಂದ ಅವನು ರಾಜವೃಕ್ಷ. ಕಂಡಕಂಡವರೆಲ್ಲ ಒಂದೊಂದು ಚಕ್ಕೆ ಕೆತ್ತಿಕೊಂಡು ಹೋಗಿ ಸ್ಟೇಟಸ್‌ಗೆ ಹಾಕಿಕೊಳ್ಳುತ್ತಾರೆ. ಗಂಧ ಇರುವುದು ಚೇಗಿನಲ್ಲಿ ಎಂದು ಎಲ್ಲರಿಗೂ ಗೊತ್ತು, ಚೇಗು ಬೇಕೆಂದರೆ ಕಡಿಯಬೇಕು ಎಂಬುದೂ ಗೊತ್ತು.

ಕಡಿದದ್ದಕ್ಕೆ ಉದಾಹರಣೆ ಕೊಡುವಾಗ ಪ್ರಬಂಧಕಾರ ಸ್ವಲ್ಪ ಹೊತ್ತು ತನ್ನ ಅಣಕಿನ ಪೇಟವನ್ನು ಬಿಚ್ಚಿಡುತ್ತಾನೆ. 2021ರ ಜುಲೈ 31ರಂದು ಟೋಕಿಯೋದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ವಂದನಾ ಕಟಾರಿಯಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಹಾಕಿಯಲ್ಲಿ ಭಾರತದ ಮಹಿಳೆಯೊಬ್ಬರ ಮೊದಲ ಹ್ಯಾಟ್ರಿಕ್. ಫೋನುಗಳಲ್ಲೆಲ್ಲ ಅವರದೇ ಮುಖ. ಆಗಸ್ಟ್ 4ರಂದು ತಂಡ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾಕ್ಕೆ ಸೋತಿತು. ಹರಿದ್ವಾರದ ಹತ್ತಿರದ ಅವರ ಮನೆ ಮುಂದೆ ಕೆಲವರು ಪಟಾಕಿ ಹೊಡೆದು ಜಾತಿ ಎತ್ತಿ ಬೈದರೆಂದು ಮನೆಯವರು ಪೊಲೀಸರಿಗೆ ದೂರು ಕೊಡಬೇಕಾಯಿತು. ಜುಲೈ 31ರಿಂದ ಎಣಿಸಿದರೆ ನಾಲ್ಕು ದಿನ. ನಾಯಕಿ ರಾಣಿ ರಾಂಪಾಲ್ ಇದು ನಾಚಿಕೆಗೇಡೆಂದು ಎಲ್ಲರೆದುರು ಹೇಳಿದರು. ಆಗಸ್ಟ್ 6ರಂದು ಬ್ರಿಟನ್ ಎದುರು ಕಂಚಿನ ಪಂದ್ಯಕ್ಕೆ ಇಳಿದ ವಂದನಾ ಅಲ್ಲೂ ಒಂದು ಗೋಲು ಹೊಡೆದರು. ತಂಡ 3-4ರಿಂದ ಸೋತಿತು. ಪೇಟ ಮತ್ತೆ ತಲೆಗೆ.

ಸೂತ್ರ 2: ಹತ್ತಿರದ ಮೂಗಿಗೆ ಗಂಧವಿಲ್ಲ.

ಭಾಷ್ಯ: ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಅಂದದ್ದನ್ನೇ ಇಲ್ಲಿ ಹಾಕಿ ಪರಿಭಾಷೆಗೆ ತರಲಾಗಿದೆ. ಪ್ರಮಾಣವಚನ ಮಿಡ್‌ಫೀಲ್ಡರ್ ಹಾರ್ದಿಕ್ ಸಿಂಗ್ ಅವರದು. 2024ರಲ್ಲಿ ಅವರು ಸಂದರ್ಶನವೊಂದರಲ್ಲಿ ಹೇಳಿಕೊಂಡ ಪ್ರಸಂಗ ಹೀಗಿದೆ. ವಿಮಾನ ನಿಲ್ದಾಣದಲ್ಲಿ ಹರ್ಮನ್‌ಪ್ರೀತ್, ಮನ್‌ದೀಪ್ ಸೇರಿ ಐದಾರು ಜನ ಆಟಗಾರರು ನಿಂತಿದ್ದರು. ಅಲ್ಲೇ ಡಾಲಿಯೂ ಇದ್ದರು. ಕನ್ನಡಿಗರು ತಕ್ಷಣ ನಟ ಧನಂಜಯ ಅವರನ್ನು ನೆನೆದು ಸಂಭ್ರಮಪಡಬಾರದು; ಈ ಡಾಲಿ ನಾಗಪುರದ ಚಹಾ ಮಾರುವವರು, ಬಿಲ್ ಗೇಟ್ಸ್‌ಗೆ ಚಹಾ ಮಾಡಿಕೊಟ್ಟ ವಿಡಿಯೊದಿಂದ ಹೆಸರಾದವರು. ಜನ ಅವರ ಸುತ್ತ ಸೆಲ್ಫಿಗೆ ಮುಗಿಬಿದ್ದರು. ಒಲಿಂಪಿಕ್ಸ್ ಕಂಚು ಗೆದ್ದವರನ್ನು ಯಾರೂ ಗುರುತಿಸಲಿಲ್ಲ. ಆಟಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ.

ಇಲ್ಲಿ ಪೂರ್ವಪಕ್ಷ ಏಳುತ್ತದೆ. ಚಹಾ ಕೂಡಲೇ ಫಲ ಕೊಡುತ್ತದೆ, ಹಾಕಿಗೆ 60 ನಿಮಿಷ ಕಾಯಬೇಕು. ಆದ್ದರಿಂದ ಜನರದ್ದೇ ಸರಿ ಎಂದು. ಇದು ನಿಲ್ಲುವ ವಾದವಲ್ಲ. ಐದು ದಿನ ಕಾದು ಡ್ರಾ ನೋಡಿಕೊಂಡು ಎದ್ದು ಹೋಗುವ ಕ್ರಿಕೆಟ್ ಭಕ್ತರು ಇದೇ ಊರಲ್ಲಿದ್ದಾರೆ. ನಮ್ಮ ಸಿದ್ಧಾಂತ ಬೇರೆ: ಹಾಕಿಯಲ್ಲಿ ಮುಖ ಕಾಣುವುದಿಲ್ಲ. ಆಟಗಾರ ಸೊಂಟ ಬಗ್ಗಿಸಿ ನೆಲ ನೋಡುತ್ತಾ ಓಡುತ್ತಾನೆ, ಟಿವಿಯಲ್ಲಿ ನಮಗೆ ಸಿಗುವುದು ಅವನ ನೆತ್ತಿ. ಗೋಲ್‌ಕೀಪರ್ ಪಾಡಂತೂ ಕೇಳುವುದೇ ಬೇಡ. ಹೆಲ್ಮೆಟ್ಟು, ಎದೆಗವಚ, ಕಾಲಿಗೆ ದಿಂಬು. ಟೋಕಿಯೋದಲ್ಲಿ ಜರ್ಮನಿಯನ್ನು 5-4ರಿಂದ ಮಣಿಸಿ 41 ವರ್ಷದ ಬರ ನೀಗಿದಾಗ ಶ್ರೀಜೇಶ್ ಗೋಲ್‌ಪೋಸ್ಟ್ ಹತ್ತಿ ಕೂತದ್ದು ಯಾಕೆ? ಸಂತೋಷಕ್ಕೆ ಎಂದು ಪತ್ರಿಕೆಗಳು ಬರೆದವು. ಕಾವಲುಗಾರ ತನಗೂ ಒಂದು ಮುಖ ಇದೆಯೆಂದು ಎತ್ತರದಿಂದ ತೋರಿಸಿಕೊಂಡದ್ದು ಎಂದು ನಾವು ಬರೆಯುತ್ತೇವೆ. ಆ 41 ವರ್ಷದ ಆಚೆ ತುದಿಯಲ್ಲಿರುವ 1980ರ ಮಾಸ್ಕೋ ಚಿನ್ನದ ತಂಡದಲ್ಲಿ ನಮ್ಮ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು. ಅವರಿಗೆ ಹತ್ತಲು ಗೋಲ್‌ಪೋಸ್ಟ್ ಇತ್ತು, ತೆಗೆದು ಹಂಚಲು ಫೋನ್ ಇರಲಿಲ್ಲ.

ಫೋನ್ ಇಲ್ಲದ ಕಾಲವೇ ವಾಸಿ ಎನ್ನುವವರಿಗೆ ಇನ್ನೊಂದು ಕಥೆ. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಟೈಬ್ರೇಕರ್‌ನಲ್ಲಿ ಗೋಲು ಕಾದವರು ಬೆಂಗಳೂರಿನ ಆಶಿಶ್ ಬಲ್ಲಾಳ್. 32 ವರ್ಷದ ಮೇಲೆ ಬಂದ ಚಿನ್ನ. ಊರಿಗೆ ಮರಳಿದ ಮೇಲೆ ನಾಯಕ ಧನರಾಜ್ ಪಿಳ್ಳೈ, ಬಲ್ಲಾಳ್ ಸೇರಿದಂತೆ ಹಲವು ಹಿರಿಯರನ್ನು ತಂಡದಿಂದಲೇ ಬಿಡಲಾಯಿತು. ಆಗ ಹ್ಯಾಶ್‌ಟ್ಯಾಗ್ ಇರಲಿಲ್ಲ. ಜನ ಪೇಪರ್ ಓದಿ, ‘ಛೆ’ ಅಂದು, ಅದೇ ಪೇಪರಿನಲ್ಲಿ ಬೋಂಡಾ ಕಟ್ಟಿಸಿಕೊಂಡರು.

(3ರಿಂದ 6ರವರೆಗಿನ ಸೂತ್ರಗಳು ಮಗಳ ಲ್ಯಾಪ್‌ಟಾಪಿನಲ್ಲಿದ್ದವು. ಅವಳು ಜಾಗ ಸಾಲದೆಂದು ಅಳಿಸಿದಳು. ಕನ್ನಡ ವಿದ್ವತ್ತಿಗೆ ಆದ ನಷ್ಟವನ್ನು ಅವಳಿಗೆ ವಿವರಿಸಿದೆ. ‘ಬ್ಯಾಕಪ್ ಇಟ್ಕೋಬೇಕಪ್ಪ’ ಅಂದಳು.)

ಸೂತ್ರ 7: ಬೇರು ನೆರೆಯವನ ಬೇರಿನಲ್ಲಿ.

ಭಾಷ್ಯ: ಶ್ರೀಗಂಧದ ಬಗ್ಗೆ ಕವಿಗಳು ಮುಚ್ಚಿಟ್ಟ ಗುಟ್ಟೊಂದನ್ನು ರೈತರು ಬಲ್ಲರು. ಅದು ಅರೆ ಪರಾವಲಂಬಿ. ಎಲೆಯಲ್ಲಿ ಆಹಾರ ತಾನೇ ಮಾಡಿಕೊಳ್ಳುತ್ತದೆ, ಆದರೆ ನೀರಿಗೂ ಖನಿಜಕ್ಕೂ ನೆಲದಡಿ ಕೈ ಚಾಚಿ ಪಕ್ಕದ ಗಿಡದ ಬೇರನ್ನು ತಬ್ಬಿ ಹೀರುತ್ತದೆ. ಅದಕ್ಕೇ ಸಸಿ ನೆಡುವವರು ಪಕ್ಕದಲ್ಲಿ ತೊಗರಿ ಬಿತ್ತುತ್ತಾರೆ, ಆಮೇಲೆ ಹೊಂಗೆಯನ್ನೋ ಸರ್ವೆಯನ್ನೋ ಜೊತೆ ಮಾಡುತ್ತಾರೆ. ಒಂಟಿಯಾಗಿ ನೆಟ್ಟ ಗಂಧ ಸೊರಗುತ್ತದೆ. ಮೇಲೆ ಒಬ್ಬನದೇ ಪರಿಮಳ, ಕೆಳಗೆ ನಾಲ್ಕು ಜನರ ನೀರು. ತಂಡ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಲಕ್ಷಣ ಯಾವ ಕೋಚ್ ಕೊಟ್ಟಿದ್ದಾನೆ?

ಪ್ಯಾರಿಸ್‌ನಲ್ಲಿ, 2024ರ ಆಗಸ್ಟ್ 4. ಬ್ರಿಟನ್ ವಿರುದ್ಧ ಕ್ವಾರ್ಟರ್‌ಫೈನಲ್‌ನ ಎರಡನೇ ಕ್ವಾರ್ಟರ್‌ನಲ್ಲೇ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ಉಳಿದ 10 ಜನ 40 ನಿಮಿಷಕ್ಕೂ ಮಿಕ್ಕಿ ಹೋರಾಡಿ 1-1ರಲ್ಲಿ ಹಿಡಿದಿಟ್ಟು, ಶೂಟೌಟಿನಲ್ಲಿ 4-2ರಿಂದ ಗೆದ್ದರು. ಹೊರಗೆ ಕೂತವನನ್ನು ಇಡೀ ದೇಶದ ಕಮೆಂಟ್ ಪೆಟ್ಟಿಗೆ ಹುರಿದು ತಿನ್ನುವುದಕ್ಕೆ ಕಾವಲಿ ಕಾಯಿಸಿಕೊಂಡು ಕೂತಿತ್ತು. ಗೆದ್ದದ್ದರಿಂದ ಒಲೆ ಆರಿಸಬೇಕಾಯಿತು. (ಕಾವಲ್, ಕಾವಲು, ಕಾವಲಿ: ಈ ಮೂರರ ಸಂಬಂಧವನ್ನು ಮುಂದಿನ ಸಂಪುಟದಲ್ಲಿ ಕೆದಕಲಾಗುವುದು.)

ಆದರೆ ಬೇರಿನ ಕೆಲಸ ಕಣ್ಣಾರೆ ಕಾಣಬೇಕಾದರೆ ಪ್ಯಾರಿಸ್ ಯಾಕೆ, ಜ್ಞಾನಭಾರತಿಯೇ ಸಾಕು. 2020ರ ಲಾಕ್‌ಡೌನ್‌ನಲ್ಲಿ ಎರಡೂ ತಂಡಗಳು ಈ ಶಿಬಿರದಲ್ಲೇ ಸಿಕ್ಕಿಕೊಂಡವು. ನಾವು ಇತ್ತ ಹಾಲು ಪ್ಯಾಕೆಟ್ ತೊಳೆಯುತ್ತಿದ್ದಾಗ ಅತ್ತ ಮಹಿಳಾ ತಂಡದವರು ತಮ್ಮ ತಮ್ಮ ಖಾತೆಗಳಲ್ಲಿ 18 ದಿನಗಳ ಕಸರತ್ತಿನ ಸವಾಲು ಹೂಡಿದರು. ದಿನಕ್ಕೊಬ್ಬ ಆಟಗಾರ್ತಿ ಒಂದು ಕಸರತ್ತು ಮಾಡಿ ತೋರಿಸುವುದು, ಹತ್ತು ಜನರನ್ನು ಟ್ಯಾಗ್ ಮಾಡುವುದು, ಅವರು ತಲಾ 100 ರೂಪಾಯಿ ಕೊಡುವುದು. ಊಟವಿಲ್ಲದ ವಲಸೆ ಕೂಲಿಗಳಿಗೆಂದು ಹೀಗೆ ಕೂಡಿದ್ದು 20,01,130 ರೂಪಾಯಿ.

ವಿದ್ವಾಂಸನಾದವನು ಇಂಥ ಅಂಕಿಯನ್ನು ಸುಮ್ಮನೆ ಬಿಟ್ಟಾನೆಯೇ? 20,011 ಜನ ನೂರು ನೂರು ಕೊಟ್ಟರೆ 20,01,100 ಆಯಿತು. ಮಿಕ್ಕ 30 ಎಲ್ಲಿಂದ ಬಂತು? ಬ್ಯಾಂಕ್ ಬಡ್ಡಿಯೆಂಬುದು ಒಂದು ಪಕ್ಷ. ಯಾರೋ 130 ಕೊಟ್ಟಿರಬೇಕೆಂಬುದು ಇನ್ನೊಂದು. ಹಾಗಿದ್ದರೆ ಮುಯ್ಯಿಗೆ ಒಂದು ರೂಪಾಯಿ ಸೇರಿಸುವ ನಮ್ಮ ಜನ 131 ಕೊಡಬೇಕಿತ್ತು. ಪ್ರಬಂಧಕಾರ ಐದನೇ ಪಾವಟಿಗೆಯಲ್ಲಿ ಎರಡು ಸಂಜೆ ಇದನ್ನು ಮಥಿಸಿದ. ಕೊನೆಗೆ ಮಗಳು ಮೆಟ್ಟಿಲಿಳಿಯುತ್ತಾ, ‘ಯಾರ ಹತ್ರಾನೋ ಮೂವತ್ತೇ ಇತ್ತೇನೋ, ಸ್ವಲ್ಪ ಜರುಗಪ್ಪ’ ಎಂದು ದಾಟಿಹೋದಳು. ಈ ಪಕ್ಷಕ್ಕೆ ಖಂಡನೆ ಸಿಕ್ಕಿಲ್ಲ.

ಬೇರಿನ ವಿಚಾರ ಬಂದಾಗ ಕೊಡಗನ್ನು ಬಿಟ್ಟರೆ ಪಾಪ ಬರುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿಗೆ ಮೊದಲ ವರ್ಷ ಬಂದದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್‌ಗೆ 360 ಕುಟುಂಬ ಸೇರಿ ಗಿನ್ನೆಸ್ ದಾಖಲೆಯಾಯಿತು. ಇಲ್ಲಿ ತಂಡ ಅಂದರೆ ಒಕ್ಕ. ಅಜ್ಜ ರೈಟ್ ಬ್ಯಾಕು, ಮೊಮ್ಮಗಳು ಲೆಫ್ಟ್ ಇನ್ನು. ಸಹ ಆಟಗಾರನನ್ನು ಬ್ಲಾಕ್ ಮಾಡುತ್ತೇನೆಂದರೆ ಆಗುವ ಮಾತಲ್ಲ, ಹುತ್ತರಿಗೆ ಐನ್‌ಮನೆಯಲ್ಲಿ ಪಕ್ಕದಲ್ಲೇ ಊಟಕ್ಕೆ ಕೂರಬೇಕು. ಇನ್‌ಸ್ಟಾಗ್ರಾಮಿನಲ್ಲಿ ಹತ್ತು ಸಾವಿರ ಅಪರಿಚಿತರು ಬೈದದ್ದನ್ನು ಫೋನ್ ಮಗುಚಿಟ್ಟು ಮರೆಯಬಹುದು. ಗ್ಯಾಲರಿಯಲ್ಲಿ ಕೂತ ದೊಡ್ಡಮ್ಮ ‘ಆ ಪೆನಾಲ್ಟಿ ಕಾರ್ನರ್ ಬಿಟ್ಟವನಲ್ಲವೇನೋ ನೀನು’ ಎಂದು ಮದುವೆಮನೆಯಲ್ಲಿ ಹೆಣ್ಣಿನ ಕಡೆಯವರ ಮುಂದೆ ಅಂದದ್ದಕ್ಕೆ ಡಿಲೀಟ್ ಇಲ್ಲ. ಅಂತಾರಾಷ್ಟ್ರೀಯ ಟ್ರೋಲಿಂಗ್ ತಾಳಿಕೊಳ್ಳುವ ತರಬೇತಿಗೆ ಮನಶ್ಶಾಸ್ತ್ರಜ್ಞರನ್ನು ವಿದೇಶದಿಂದ ಕರೆಸುವ ಬದಲು ನಾಪೋಕ್ಲಿನಿಂದ ನಾಲ್ಕು ದೊಡ್ಡಮ್ಮಂದಿರನ್ನು ಕರೆಸಬಹುದೆಂದು ಈ ಪ್ರಬಂಧ ಶಿಫಾರಸು ಮಾಡುತ್ತದೆ. ಖರ್ಚು ಬಸ್ ಚಾರ್ಜು ಮಾತ್ರ.

ಕ್ಷೇತ್ರಕಾರ್ಯವಿಲ್ಲದ ಸಂಶೋಧನೆಯನ್ನು ಈಗ ಯಾರೂ ಒಪ್ಪುವುದಿಲ್ಲವಾದ್ದರಿಂದ ಒಂದು ಭಾನುವಾರ ಸಂಜೆ ಪ್ರಬಂಧಕಾರ ನೋಟ್‌ಬುಕ್, ಎರಡು ಪೆನ್ನು, ಛತ್ರಿ ಸಮೇತ ಜ್ಞಾನಭಾರತಿ ಕಡೆಗೆ ಹೊರಟ. ರಸ್ತೆ ಬದಿಯ ಎಳನೀರು ಗಾಡಿಯ ಪಕ್ಕ ನಿಂತು ಆಟಗಾರರ ದಾರಿ ಕಾದ. ಮುಕ್ಕಾಲು ಗಂಟೆ ಕಳೆದರೂ ಯಾರೂ ಬರಲಿಲ್ಲ. ಟ್ರ್ಯಾಕ್ ಪ್ಯಾಂಟು, ಚಪ್ಪಲಿ ಹಾಕಿಕೊಂಡ ಆರು ಹುಡುಗಿಯರು ಬಂದು ಎಳನೀರು ಕುಡಿಯತೊಡಗಿದರು. ಒಬ್ಬಳ ಮಂಡಿಗೆ ನೀಲಿ ಪಟ್ಟಿ. ಕಾಯಿ ಒಡೆಸಿ ಗಂಜಿ ಕೆರೆದು ಒಬ್ಬರ ಬಾಯಿಗೆ ಒಬ್ಬರು ಇಡುತ್ತಿದ್ದುದು ಕ್ಷೇತ್ರಕಾರ್ಯಕ್ಕೆ ಅಡ್ಡಿಯೆನಿಸಿ ಪ್ರಬಂಧಕಾರ ಎರಡು ಹೆಜ್ಜೆ ಸರಿದು ನಿಂತ. ಅವರಲ್ಲೊಬ್ಬಳು ಫೋನ್ ಚಾಚಿ, ‘ಅಂಕಲ್, ಏಕ್ ಫೋಟೋ?’ ಅಂದಳು. ತೆಗೆದುಕೊಟ್ಟೆ. ಆರೂ ತಲೆಗಳು ಪರದೆಯ ಮೇಲೆ ಬಾಗಿದವು. ಮಂಡಿ ಪಟ್ಟಿಯವಳ ಮುಖವಿರಬೇಕಾದ ಕಡೆ ನನ್ನ ಹೆಬ್ಬೆರಳು ಬಿದ್ದಿತ್ತು. ಅವಳು ‘ಚಲೇಗಾ, ಚಲೇಗಾ’ ಅಂದಳು. ಉಳಿದ ಐವರು ಒಪ್ಪಲಿಲ್ಲ. ಫೋನು ಮತ್ತೆ ನನ್ನ ಕೈಗೆ ಬಂತು, ಅವಳನ್ನು ನಡುವಿಗೆ ಎಳೆದು ನಿಲ್ಲಿಸಿಕೊಂಡರು.

ಅವರು ಹೋದ ಮೇಲೆ ಎಳನೀರಿನವನನ್ನು ಕೇಳಿದೆ.

‘ಯಾವ ಕಾಲೇಜಿನ ಹುಡುಗೀರಪ್ಪ?’

ಅವನು ಮಚ್ಚು ಒರೆಸುತ್ತಾ, ‘ಕಾಲೇಜಾ? ಹಾಕಿ ಕ್ಯಾಂಪಿನೋರು ಸಾರ್, ದಿನಾ ಬರ್ತಾರೆ’ ಅಂದ. ‘ನೀವು ಯಾರಿಗ್ ಕಾಯ್ತಾ ಇದೀರಿ?’